ಸೀಟಿ ಗುರುತಿನ ಮರುಳಪ್ಪ

ಮರುಳಪ್ಪ ಪಟ್ಟಣ ಪಂಚಾಯ್ತಿ ಚುನಾವಣೆಗೆ ನಿಂತ ಸುದ್ದಿ ಕೇಳಿ ನಮ್ಮ ನ್ಯಾಮತಿಯಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬ ಅವನು, ಇನ್ನೊಬ್ಬ ಅವನ ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದ ನಾನು. ನಾನು ನಗಲಿಲ್ಲ ಎಂದರೆ ಅದು ನನ್ನ ದೊಡ್ಡತನವೇನಲ್ಲ. ನನ್ನ ವೆಲ್ಡಿಂಗ್ ಅಂಗಡಿ ಅವನ ಓಣಿಯ ಬಾಯಲ್ಲೇ ಇದೆ. ನಗುವವರಿಗೆಲ್ಲ ಉತ್ತರ ಕೊಡುವ ಕರ್ಮ ನನ್ನ ತಲೆಗೇ ಕಟ್ಟಿತ್ತು. ಸಿಟ್ಟು ಬಂದವನಿಗೆ ನಗು ಎಲ್ಲಿಂದ ಬರಬೇಕು?

ಮರುಳಪ್ಪ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮಕ್ಕಳಾಗಲಿಲ್ಲ. ಹೆಂಡತಿ ಕಸ್ತೂರಮ್ಮ, ಅವನು, ಅಷ್ಟೇ ಸಂಸಾರ. ಕೆಲಸ ಮುಗಿಸಿ ಬಂದವನು ನನ್ನ ಅಂಗಡಿ ಮುಂದೆ ನಿಂತು ಜೇಬಿನ ಸೀಟಿ ತೆಗೆದು ಒಮ್ಮೆ ಊದುತ್ತಿದ್ದ. ಅದು ಕೇಳಿದ ಕೂಡಲೇ ಒಳಗೆ ಆಕೆ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಅವನು ಕೈಕಾಲು ತೊಳೆಯುವಷ್ಟರಲ್ಲಿ ಬಿಸಿ ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಆಕೆ ಹೋದ ಮೇಲೂ ಅವನು ಸೀಟಿ ಊದುವುದನ್ನು ಬಿಡಲಿಲ್ಲ. ಊದುತ್ತಾನೆ, ಸ್ವಲ್ಪ ಹೊತ್ತು ನಿಲ್ಲುತ್ತಾನೆ, ಆಮೇಲೆ ಬೀಗ ತೆಗೆಯಲು ಹೋಗುತ್ತಾನೆ.

ಕಸ್ತೂರಮ್ಮ ತೀರಿಕೊಂಡದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ, ಅಡಿಕೆ ಸುಲಿಯುವ ಸುಗ್ಗಿಯಲ್ಲಿ. ಓಣಿಯ ಗಂಡಸರೆಲ್ಲ ಗೋವಿನಕೋವಿ ಕಡೆ ಕೆಲಸಕ್ಕೆ ಹೋಗಿದ್ದರು. ಓಣಿ ಕಿರಿದು, ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಡ್ರೈವರ್ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಇಳಿಸಿಕೊಳ್ಳಿ ಎಂದ. ಇಳಿಸಿಕೊಳ್ಳಲು ಯಾರಿದ್ದರು? ನಾನು, ನನ್ನ ಭಾಮೈದ ಸುಹೈಲ್, ಮರುಳಪ್ಪ. ಕೊನೆಗೆ ಆ ಡ್ರೈವರೇ ನಾಲ್ಕನೆಯವನಾದ. ಮರುಳಪ್ಪನ ಕಡೆಯವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿ ಇಲ್ಲ. ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಕೂರಿಸಿಯೇ ಹೆಗಲ ಮೇಲೆ ಹೊರುತ್ತಾರೆ. ಆವತ್ತು ಆಕೆಯನ್ನು ನನ್ನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮನೆಗೆ ಒಯ್ದೆವು.

ಆಮೇಲೆ ಒಂದು ದಿನ ನಮ್ಮ ಮಸೀದಿಯಿಂದ ಒಬ್ಬರ ಶವ ಹೊತ್ತ ಜನಾಜಾ ಹೊರಟಿತ್ತು. ನಮ್ಮಲ್ಲಿ ದಾರಿಹೋಕನೂ ಬಂದು ಹೆಗಲು ಕೊಟ್ಟು ನಾಲ್ಕು ಹೆಜ್ಜೆ ನಡೆಯುತ್ತಾನೆ. ಮರುಳಪ್ಪ ಅದನ್ನು ನೋಡುತ್ತಾ ನಿಂತವನು ನನ್ನನ್ನು ಕೇಳಿದ:

"ನಿಮ್ಮಲ್ಲಿ ಯಾರನ್ನೂ ಕರಿಯಾಕೆ ಹೋಗ್ಬೇಕಾಗಿಲ್ಲ, ಅಲ್ವೇನೋ ಜಮೀರ?"

ಆ ಪ್ರಶ್ನೆಯಿಂದಲೇ ಅವನ ಚುನಾವಣೆ ಹುಟ್ಟಿತು ಎಂದು ನನ್ನ ನಂಬಿಕೆ.

ನಮ್ಮ ವಾರ್ಡಿನಲ್ಲಿ ಗೆಲ್ಲುವ ಕುದುರೆ ವಿನಯ್ ಕುಮಾರ್. ಅಡಿಕೆ ವ್ಯಾಪಾರಿ, ವಯಸ್ಸು ಚಿಕ್ಕದು, ಮಾತು ಮೆದು. ವಾರ್ಡಿನ ಬಾಯಿಗೆ ಸ್ವಾಗತ ಕಮಾನು, ಸರ್ಕಲ್ಲಿಗೆ ಎತ್ತರದ ದೀಪದ ಕಂಬ, ಇವು ಅವನ ಭರವಸೆ. ಕಮಾನಿನ ಕಬ್ಬಿಣದ ಕೆಲಸ ನಿಮಗೇ ಎಂದು ನನಗೂ ಹೇಳಿ ಕಳಿಸಿದ್ದ. ಮರುಳಪ್ಪನ ಭರವಸೆ ಒಂದೇ. ಓಣಿಯೊಳಗೆ ನುಗ್ಗುವಂಥ, ಕೈಯಲ್ಲಿ ತಳ್ಳುವ ಶವದ ಗಾಡಿ. ಅದನ್ನು ತಳ್ಳಲು ಪಂಚಾಯ್ತಿ ಸಂಬಳದ ಆಳುಗಳು. ರುದ್ರಭೂಮಿಗೆ ಒಂದು ನಲ್ಲಿ, ಒಂದು ದೀಪ. ಗುರುತು ಆರಿಸಿಕೊಳ್ಳಿ ಎಂದಾಗ ಅವನು ಎರಡನೇ ಯೋಚನೆಯಿಲ್ಲದೆ ಸೀಟಿ ಆರಿಸಿಕೊಂಡ.

ಪ್ರಚಾರಕ್ಕೆ ಬೆಳಗ್ಗೆಯೇ ಹೊರಟೆವು. ಮೊದಲ ಮನೆ ಲಕ್ಷ್ಮಮ್ಮನವರದು. ಮರುಳಪ್ಪನ ಎದುರು ಮನೆಯವರು, ಶಾಸ್ತ್ರ ಸಂಪ್ರದಾಯದಲ್ಲಿ ಬಲು ಗಟ್ಟಿ. ಅವರು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು. ಇವನು ಕೈಮುಗಿದು ಶುರು ಮಾಡಿದ:

"ಲಕ್ಷ್ಮಮ್ಮಾರೆ, ನಾಳೆ ನಿಮ್ಮ ಮನ್ಯಾಗೆ ಯಾರಾದ್ರೂ ತೀರ್ಕೊಂಡ್ರೆ…"

ಆಕೆಯ ಕೈಯಿಂದ ರಂಗೋಲಿ ಬಟ್ಟಲು ಜಾರಿತು. "ಬಿಡ್ತು ಅನ್ರೀ ಮೊದ್ಲು."

"ಬಿಡ್ತು," ಎಂದ ಮರುಳಪ್ಪ ವಿಧೇಯನಾಗಿ. "ಹಂಗೇನಾದ್ರೂ ಆದ್ರೆ, ಹೊರಾಕೆ ಯಾರು ಅದಾರೆ?"

ಬಾಗಿಲು ಹಾಕಿಕೊಂಡಿತು. ಆ ಮನೆಯಲ್ಲಷ್ಟೇ ಅಲ್ಲ, ಹೋದ ಕಡೆಯೆಲ್ಲ ಇದೇ ಕಥೆ. ಅವರು ಬಿಡ್ತು ಅನ್ನಿ ಎನ್ನುವುದು, ಇವನು ಬಿಡ್ತು ಎಂದು ಮತ್ತೆ ಅಲ್ಲಿಗೇ ಬರುವುದು. ಒಬ್ಬ ಮುದುಕನಂತೂ, ನನಗೇ ಕಾಡು ಬಾ ಅಂತೈತೆ ಊರು ಹೋಗು ಅಂತೈತೆ, ನೀನ್ಯಾಕಪ್ಪ ಅವಸರ ಮಾಡ್ತೀಯ ಎಂದು ಕೋಲು ಎತ್ತಿದ. ಎರಡು ದಿನ ಕಳೆಯುವಷ್ಟರಲ್ಲಿ ಮಕ್ಕಳು ದೂರದಿಂದ ನಮ್ಮನ್ನು ನೋಡಿದರೆ ಮನೆಯೊಳಗೆ ಸುದ್ದಿ ಮುಟ್ಟಿಸುತ್ತಿದ್ದವು.

ನನಗೆ ರೇಗಿತು. ಮೊದಲು ನೀರು, ಚರಂಡಿ ಅನ್ನು, ಸಾವಿನ ವಿಷಯ ಕೊನೆಗೆ ಮೆಲ್ಲಗೆ ಹೇಳು, ಬೆಳಗಿನ ಹೊತ್ತು ಹೊಸ್ತಿಲ ಮುಂದೆ ನಿಂತು ಹೆಣ ಹೆಣ ಅಂದರೆ ಯಾವ ತಾಯಿ ಓಟು ಹಾಕುತ್ತಾಳೆ ಎಂದು ಬೈದೆ. ನೀರು ಚರಂಡಿ ಹೇಳಲು ಬೇಕಾದಷ್ಟು ಜನ ಇದ್ದಾರೆ, ಇದನ್ನು ಹೇಳುವವರು ಯಾರು ಎಂದ. ಅವನ ದನಿಯಲ್ಲಿ ಹಟವಿರಲಿಲ್ಲ, ಭಯವಿತ್ತು. ತನ್ನ ಸಾವಿಗೆ ಯಾರೂ ಬರುವುದಿಲ್ಲ ಎಂಬ ಭಯ. ಅದು ನನಗೆ ಗೊತ್ತಿತ್ತು. ಮುಂದಿನ ಮನೆಯ ಬಾಗಿಲು ನಾನೇ ತಟ್ಟಿದೆ.

ಮತದಾನಕ್ಕೆ ಮುಂಚೆ ಸಮುದಾಯ ಭವನದಲ್ಲಿ ಅಭ್ಯರ್ಥಿಗಳನ್ನೆಲ್ಲ ಕೂರಿಸಿ ಮಾತಾಡಿಸಿದರು. ವಿನಯ್ ಕುಮಾರನ ಕಮಾನಿಗೆ ಶಿಳ್ಳೆ, ಚಪ್ಪಾಳೆ ಎಲ್ಲ ಬಿತ್ತು. ಮರುಳಪ್ಪ ಎದ್ದಾಗ ಹಿಂದಿನ ಸಾಲಿನಿಂದ ಯಾರೋ, ಟಿಕೆಟ್ ಟಿಕೆಟ್, ಎಲ್ಲಿಗಪ್ಪ ಟಿಕೆಟ್ ಎಂದು ಕೂಗಿದರು. ಅವನೂ ನಕ್ಕ. ಆಮೇಲೆ ಬಸ್ಸಿನಲ್ಲಿ ಸ್ಟಾಪಿನ ಹೆಸರು ಹೇಳುವ ಅದೇ ದನಿಯಲ್ಲಿ ಹೇಳಿದ:

"ಊರಿಗೆ ಬರೋರಿಗೆ ಕಮಾನು ಕಟ್ಟಾಕೆ ಪಂಚಾಯ್ತಿ ಹತ್ರ ದುಡ್ಡೈತೆ. ಊರು ಬಿಟ್ಟು ಹೋಗೋರಿಗೆ ನಾಲ್ಕು ಗಾಲಿ ಹಾಕ್ಸಾಕೆ ಇಲ್ಲ. ಮಕ್ಕಳಿದ್ದೋರಿಗೆ ಹೆಗಲು ಅದಾವೆ. ಇಲ್ದೋರಿಗೆ ಪಂಚಾಯ್ತಿನೇ ಮಗ ಆಗ್ಬೇಕು. ನಾನು ಕೇಳೋದು ಇಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಾವಿನ ಮಾತಿಗೆ ಚಪ್ಪಾಳೆ ತಟ್ಟುವುದು ಹೇಗೆ? ಅವನು ಯಾರೂ ಹೇಳದಿದ್ದರೂ ತನ್ನ ಕುರ್ಚಿಯನ್ನು ಮಡಿಸಿ ಗೋಡೆಗೆ ಒರಗಿಸಿ ಇಳಿದು ಬಂದ.

ಫಲಿತಾಂಶ ಬಂದ ದಿನ ಅವನು ಹಣೆಗೆ ವಿಭೂತಿ ಬಳಿದುಕೊಂಡು ನನ್ನ ಅಂಗಡಿಯಲ್ಲೇ ಕೂತಿದ್ದ. ಅವನಿಗೆ ಬಿದ್ದ ಓಟು ಒಂದು ಟೆಂಪೋದಲ್ಲಿ ಕೂರುವಷ್ಟು ಜನರದ್ದು. ಅವರು ಯಾರಿರಬಹುದು ಎಂದು ಯೋಚಿಸುತ್ತಾ ಚಹಾ ಆರಲು ಬಿಟ್ಟ. ಅಷ್ಟರಲ್ಲಿ ತಮಟೆ, ಪಟಾಕಿ, ಗುಲಾಲು ಸಮೇತ ಮೆರವಣಿಗೆ ಬಂತು. ವಿನಯ್ ಕುಮಾರ್ ಹುಡುಗರ ಹೆಗಲ ಮೇಲಿದ್ದ. ಇವನನ್ನು ಕಂಡು ಕೆಳಗಿಳಿದು, ಕಾಲಿಗೆ ನಮಸ್ಕರಿಸಿ, ತನ್ನ ಕೊರಳಿನ ಒಂದು ಹಾರ ತೆಗೆದು ಹಾಕಿದ. ಸೋತವರಿಗೆ ಇಷ್ಟು ಮರ್ಯಾದೆ ಕೊಡುವವರು ಕಡಿಮೆ, ಸುಳ್ಳು ಹೇಳಬಾರದು.

ಹುಡುಗರಿಗೆ ಹುರುಪು ಹೆಚ್ಚಿತ್ತು. ಕಂಡಕ್ಟರಿಗೂ ಒಂದು ಟ್ರಿಪ್ ಆಗಲಿ ಎಂದು ನಾಲ್ಕು ಜನ ಸೇರಿ ಮರುಳಪ್ಪನನ್ನೂ ಹೆಗಲಿಗೆ ಎತ್ತಿಬಿಟ್ಟರು. ಬೇಡ ಬೇಡ ಎಂದು ಕೊಸರಾಡಿದ, ಆಮೇಲೆ ನಕ್ಕ. ಅವನು ಬಾಯ್ತುಂಬ ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಸರ್ಕಲ್ ಸುತ್ತಿ ಮತ್ತೆ ಓಣಿಯ ಬಾಯಿಗೆ ತಂದು, ಆಂಬುಲೆನ್ಸ್ ನಿಂತಿದ್ದ ಜಾಗದಲ್ಲೇ ನಿಂತು, ಇಳಿಸಲು ಬಗ್ಗಿದರು. ಅವನು ಮುಂದಿನ ಹುಡುಗನ ತಲೆ ಹಿಡಿದುಕೊಂಡ.

"ಇಳಿಸ್ಬ್ಯಾಡ್ರಪ್ಪಾ," ಎಂದ. "ಮನೆ ತನಕ ನಡೀರಿ."

ಹುಡುಗರು ಮುಖ ಮುಖ ನೋಡಿಕೊಂಡರು. ತಮಟೆ ಮುಂದೆ ಹೋಗಿತ್ತು. ಒಬ್ಬ ನುಣುಚಿಕೊಂಡು ಓಡಿದ. ಅವನ ಜಾಗಕ್ಕೆ ನಾನು ಹೆಗಲು ಕೊಟ್ಟೆ. ಗೋಡೆಗೆ ಮೊಣಕೈ ತರಚಿಕೊಳ್ಳುತ್ತಾ ಓಣಿಯೊಳಗೆ ನುಗ್ಗಿದೆವು. ಮೇಲೆ ಅವನು ನಗುವುದನ್ನು ನಿಲ್ಲಿಸಿದ್ದ. ಜೇಬಿನಿಂದ ಸೀಟಿ ತೆಗೆದು ಒಮ್ಮೆ ಊದಿದ.

ಆ ಸದ್ದಿಗೆ ಲಕ್ಷ್ಮಮ್ಮ ಬಾಗಿಲಿಗೆ ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ, ನಾಲ್ವರ ಹೆಗಲ ಮೇಲೆ ಕಣ್ಣು ಮುಚ್ಚಿ ಕೂತ ಮರುಳಪ್ಪನನ್ನು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡರು.

"ಏನಿದು, ಇಳೀರಿ ಮೊದ್ಲು. ಬಿಡ್ತು ಅನ್ರೀ, ಮರುಳಪ್ಪಾರೆ."

ಮನೆಮನೆಯ ಮುಂದೆ ಬಿಡ್ತು ಎಂದವನು ಈ ಸಲ ಅನ್ನಲಿಲ್ಲ. ನಾನೂ ಇಳಿ ಎನ್ನಲಿಲ್ಲ, ಬೀಗ ಹಾಕಿದ ಅವನ ಬಾಗಿಲವರೆಗೂ ಹೊತ್ತುಕೊಂಡು ನಡೆದೆ.