ಹೆಪ್ಪಿಗಾಗಿ ತೆಗೆದ ಅಗುಳಿ

ಚಳಿ ಇಳಿಯುತ್ತಿದ್ದ ದಿನಗಳು. ನಸುಕಿನಲ್ಲಿ, ನಾನು ಬೇಕರಿಯ ಒಲೆಗೆ ಕಟ್ಟಿಗೆ ಒಟ್ಟುವ ಹೊತ್ತಿಗೆ, ಅಕ್ಕ ಹೆಪ್ಪಿನ ಜಾಡಿಯ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿ ನನ್ನ ಮುಂದೆ ಹಿಡಿದಳು. ಗುಳ್ಳೆಯಿಲ್ಲ, ಹುಳಿಯಿಲ್ಲ, ಬೆಂದ ಗಂಜಿಯ ವಾಸನೆ. ಬೆಚ್ಚಗಿರಲೆಂದು ಹಿಂದಿನ ಸಂಜೆ ಅವಳೇ ಅದನ್ನು ಒಲೆಯ ನೆತ್ತಿಯ ಮೇಲಿಟ್ಟಿದ್ದಳು; ಹೆಪ್ಪು ಬೆಂದು ಸತ್ತಿತ್ತು.

ಅಮ್ಮನ ಕಾಲದಿಂದ ನಮ್ಮ ಬ್ರೆಡ್ಡು ಉಬ್ಬುತ್ತಿದ್ದದ್ದು ಆ ಹಿಟ್ಟಿನ ಹೆಪ್ಪಿನಲ್ಲೇ. ಅಂಗಡಿಯ ಯೀಸ್ಟ್ ತಂದು ಹಾಕಿ ನೋಡಿದೆವು. ಗಿರಾಕಿಗಳು ಬೈಯಲಿಲ್ಲ, ನಾಳೆಗೆ ಬೇಡ ಅಂದರು ಅಷ್ಟೆ.

"ಈ ವಾರ ನೋಡ್ತೀನಿ. ಹೆಪ್ಪು ಸಿಗ್ಲಿಲ್ಲ ಅಂದ್ರೆ ಒಲೆ ಆರಿಸಿಬಿಡೋಣ ಕಣೋ," ಅಂದಳು ಅಕ್ಕ. ಅವಳು ಅಂದದ್ದನ್ನು ಮಾಡುವವಳು.

ಹಿಂದೆ ನಮ್ಮಲ್ಲಿ ಕೆಲಸ ಕಲಿತ ಉದ್ದಣ್ಣ ಹೋಗುವಾಗ ಒಂದು ಬಟ್ಟಲು ಹೆಪ್ಪು ಒಯ್ದಿದ್ದ. ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ.

"ಜಾಲದಲ್ಲಿ ಕೇಳೋಣ ಅತ್ತೆ," ಅಂದಳು ಅಕ್ಕನ ಸೊಸೆ. ಹಿಟ್ಟಿನ ಕಪಾಟಿನ ಮೇಲೆ ಅವಳದೊಂದು ಪುಟ್ಟ ಕಂಪ್ಯೂಟರು ಗುಂಯ್ಗುಡುತ್ತಿರುತ್ತದೆ. ನಮ್ಮ ಬೀದಿಯವರು ಜಾಲದಲ್ಲಿ ಬರೆದುಕೊಳ್ಳುವ ಮಾತುಕತೆಯೆಲ್ಲ ಅದರೊಳಗೆ; ಅದಕ್ಕೆ ನಾವು ಮನೆ ಅನ್ನುತ್ತೇವೆ. ಇಂಥ ಮನೆಗಳು ಊರೂರಲ್ಲಿವೆ. ಒಂದೊಂದು ಮನೆಗೂ ತನ್ನದೇ ಬಾಗಿಲು, ತನ್ನದೇ ಯಜಮಾನಿಕೆ. ಎಲ್ಲರ ಮೇಲೊಬ್ಬ ದಣಿ ಅಂತ ಇಲ್ಲ.

ಉದ್ದಣ್ಣ ಎಲ್ಲಿದ್ದಾನೆ, ಹೆಪ್ಪು ಬೇಕಿತ್ತು ಎಂದು ಸೊಸೆ ಬರೆದಳು. ಸಂಜೆಗೆ ರಾಶಿ ರಾಶಿ ಹೃದಯದ ಗುರುತು ಬಂದವು. ಅಕ್ಕ ಹಿಗ್ಗಿದಳು.

"ಇದರಿಂದ ಏನೂ ಆಗಲ್ಲ ಅತ್ತೆ. ಹೃದಯ ಒತ್ತಿದ್ರೆ ನಮಗೆ ಖುಷಿ, ಮಾತು ಮಾತ್ರ ಇದ್ದಲ್ಲೇ ಇರತ್ತೆ. ಮುಂದಿನ ಮನೆಗೆ ಹೋಗ್ಬೇಕಂದ್ರೆ ಯಾರಾದ್ರೂ ತಮ್ಮ ಜನಕ್ಕೆ ಹಂಚ್ಬೇಕು."

"ಹಾಗಂತ್ಲೇ ಬರಿ. ಹೃದಯ ನಿಮ್ಮ ಹತ್ರಾನೇ ಇಟ್ಕೊಳ್ಳಿ, ಮಾತು ದಾಟಿಸಿ ಅಂತ."

ಹಾಗೆಯೇ ಬರೆದಳು. ನಮ್ಮ ಬೀದಿಯ ದರ್ಜಿ ನಕ್ಕು ಹಂಚಿದ. ಅವನ ಮಾತು ಓದುವ ಕೊಡೆ ರಿಪೇರಿಯವಳು, ಅವಳದು ಬೇರೆ ಊರು, ಬೇರೆ ಮನೆ, ತನ್ನವರಿಗೆ ಹಂಚಿದಳು. ಮರುದಿನ ಮಧ್ಯಾಹ್ನ ಅವಳೇ ಬರೆದಳು: "ಅಮ್ಮಾ, ಉದ್ದಣ್ಣ ಅನ್ನೋರು ನಿಮಗೆ ಉತ್ತರ ಕೊಟ್ಟಿದ್ದಾರೆ. ನನಗೆ ಕಾಣ್ತಿದೆ, ನಿಮಗೆ ಕಾಣಲ್ಲ. ಜಾಲದಲ್ಲಿ ಅವರಿರೋದು ಗಿರಣಿಯವರ ಮನೇಲಿ. ನೀವು ಆ ಮನೆಗೇ ಅಗುಳಿ ಹಾಕಿದ್ದೀರಂತೆ."

ನಾವೆಲ್ಲ ಅಕ್ಕನ ಮುಖ ನೋಡಿದೆವು. ಹೋದ ವರ್ಷ ಆ ಮನೆಯ ಒಬ್ಬ ಕುಚೋದ್ಯಗಾರ, ನಿಮ್ಮ ಬ್ರೆಡ್ಡಿನಲ್ಲಿ ಗೋಡೆ ಕಟ್ಟಬಹುದು ಅಂದಿದ್ದ. ಅಕ್ಕ ಅವನೊಬ್ಬನನ್ನಲ್ಲ, ಮನೆಗೆ ಮನೆಯನ್ನೇ ಹೊರಗಿಡಿಸಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು ಎಂದು ನಾನು ಆಗಲೇ ಅಂದಿದ್ದೆ. "ನಿನ್ನ ಮೂಗಲ್ಲವಲ್ಲ, ಸುಮ್ನಿರು," ಅಂದಿದ್ದಳು.

"ಅವನೊಬ್ಬನ್ನೇ ಹೊರಗಿಟ್ಟು ಉಳಿದೋರನ್ನ ಬಿಡ್ಬಹುದಾ?" ಅಂತ ಈಗ ಕೇಳಿದಳು.

"ಬಿಡ್ಬಹುದು. ಆಗ್ಲೂ ಬಿಡ್ಬಹುದಿತ್ತು," ಅಂದಳು ಸೊಸೆ, ನೆಲ ನೋಡುತ್ತ.

ಅಕ್ಕ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿದಳು. ಒರೆಸಿದ್ದನ್ನೇ ಒರೆಸಿದಳು. "ಅವನೂ ಬರ್ಲಿ ಬಿಡು. ಎಲ್ಲಿ ಒತ್ತಬೇಕು ತೋರ್ಸು, ನಾನೇ ಒತ್ತೀನಿ."

ಒತ್ತಿದಳು. ಏನೂ ಬರಲಿಲ್ಲ. ಅವಳ ಮುಖ ಬಾಡಿತು.

"ಅಗುಳಿ ಹಾಕಿದ್ದಾಗ ಆಡಿದ ಮಾತು ತಾನಾಗಿ ಒಳಗೆ ಬರಲ್ಲ ಅತ್ತೆ. ನಾವೇ ಹೋಗಿ ಕರ್ಕೊಂಡು ಬರ್ಬೇಕು," ಎಂದು ಸೊಸೆ ಕೊಡೆಯವಳಿಂದ ಆ ಉತ್ತರದ ವಿಳಾಸ ತರಿಸಿ ಹುಡುಕಿದಳು. ಪರದೆಯ ಮೇಲೆ ಉದ್ದಣ್ಣ ಬಂದ:

"ಅಕ್ಕಾ, ಹೆಪ್ಪು ಗಟ್ಟಿಮುಟ್ಟಾಗಿದೆ. ನನಗಿಂತ ಅದಕ್ಕೇ ಹಸಿವು ಜಾಸ್ತಿ. ನಾಳೆ ತರ್ಲಾ?"

ತಂದ. ಟವೆಲಿನಲ್ಲಿ ಸುತ್ತಿದ ಜಾಡಿಯನ್ನು ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದ. ಕೂದಲು ಬೆಳ್ಳಗಾಗಿತ್ತು, ಬಾಗಿಲಿಗೆ ತಲೆ ಬಗ್ಗಿಸುವುದು ತಪ್ಪಿರಲಿಲ್ಲ. ಹಿಟ್ಟು ನೀರು ಉಣ್ಣಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಹೆಪ್ಪು ಮುಚ್ಚಳ ನೂಕಿ ಹೊರಗೆ ಇಣುಕುತ್ತಿತ್ತು. ಒಲೆಯಿಂದ ತೆಗೆದ ಮೊದಲ ಬ್ರೆಡ್ಡಿನ ತೊಗಟೆ ಚಿಟಿಚಿಟಿ ಎಂದಿತು. ಅಕ್ಕ ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಹತ್ತು ಗಂಟೆಗೆ ಅಂಗಡಿಯ ಹಲಗೆ ಬರಿದು. ಬೇಡ ಅಂದಿದ್ದವರೆಲ್ಲ ಬೀದಿಯ ತಿರುವಿನವರೆಗೆ ಸಾಲು ನಿಂತಿದ್ದರು.

ಆ ಮಧ್ಯಾಹ್ನ ಅಕ್ಕ ಸೊಸೆಯ ಕೈಯಲ್ಲಿ ಬರೆಸಿದಳು: "ಯಾವ ಮನೆಯವರಾದ್ರೂ ಸರಿ, ಬಟ್ಟಲು ತಂದ್ರೆ ಹೆಪ್ಪು ಕೊಡ್ತೀನಿ." ಅದನ್ನು ಹಂಚಿ ಎಂದು ಯಾರಿಗೂ ಹೇಳಬೇಕಾಗಲಿಲ್ಲ.

ಉದ್ದಣ್ಣ ಗುರುವಾರ ಮೊದಲ ಬಸ್ಸಿಗೆ ಹೊರಟ. ಅಕ್ಕ ಬಿಸಿ ಬ್ರೆಡ್ಡು ಹಿಡಿದು ನಿಲ್ದಾಣದವರೆಗೂ ಹೋಗಿ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು ಬಂದಳು.