ಬಣ್ಣ ಮಾತ್ರ ಹೋದ ಹೆಲ್ಮೆಟ್

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನಾನು ಹೆಲ್ಮೆಟ್ ಅಂಗಡಿ ಹಾಕಿ ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ತುಟ್ಟಿಯದನ್ನು ತೊಗೊಂಡರೆ ತಲೆ ಹೆಚ್ಚು ಉಳಿಯುತ್ತದೆಯೋ, ಅಥವಾ ಅದು ಬರೀ ಹೆಸರಿಗೆ ಕೊಡುವ ದುಡ್ಡೋ? ಬೆಳಿಗ್ಗೆ ಷಟರ್ ಎತ್ತುವಷ್ಟರಲ್ಲಿ ಒಬ್ಬ ಬಂದು ಕೇಳುತ್ತಾನೆ, ಸಂಜೆ ಷಟರ್ ಎಳೆಯುವಾಗ ಇನ್ನೊಬ್ಬ ಅರ್ಧ ಬಗ್ಗಿ ಒಳಗೆ ಮುಖ ಹಾಕಿ ಅದನ್ನೇ ಕೇಳುತ್ತಾನೆ. ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕುಸಾಕಾಗಿದೆ.

ಮೊದಮೊದಲು ಎದ್ದು ನಿಂತು ವಿವರಿಸುತ್ತಿದ್ದೆ. ಐಎಸ್‌ಐ ಗುರುತು ಇರುವ ಸಾವಿರ ರೂಪಾಯಿಯದೂ ತಲೆಗೆ ಬಿಗಿಯಾಗಿ ಕೂತು, ಗದ್ದದ ಕೆಳಗೆ ಪಟ್ಟಿ ಹಾಕಿಕೊಂಡರೆ, ತನ್ನ ಕೆಲಸ ತಾನು ಮಾಡುತ್ತದೆ. ಏಳು ಸಾವಿರದ್ದು ಹಗುರ, ಒಳಗೆ ಗಾಳಿ ಆಡುತ್ತದೆ, ಪೆಟ್ಟನ್ನು ಒಂದಿಷ್ಟು ಹೆಚ್ಚು ತಡೆಯಲೂಬಹುದು. ಪಟ್ಟಿ ಹಾಕದೆ ತಲೆಯ ಮೇಲೆ ಸುಮ್ಮನೆ ಕೂರಿಸಿಕೊಂಡು ಹೋಗುವವನಿಗೆ ಎರಡೂ ಒಂದೇ. ಆದರೆ ಇಷ್ಟು ಉದ್ದದ ಸತ್ಯ ಯಾರಿಗೂ ಬೇಡ. ಹಾಗಾಗಿ ಬರಬರುತ್ತ ನಾನು ಗಿರಾಕಿಯ ಮುಖ ನೋಡಿ ಸತ್ಯ ಅಳೆದುಕೊಡಲು ಕಲಿತೆ. ಪೊಲೀಸರಿಗೆ ಹೆದರಿ ಬಂದವನಿಗೆ, ಎಲ್ಲಾ ಒಂದೇ ತೊಗೊಳ್ಳಪ್ಪ ಎಂದು ಸೋವಿಯದನ್ನು ಕೊಡುತ್ತಿದ್ದೆ. ಹೊಸ ಗಾಡಿಯ ಮೇಲೆ ಅಪ್ಪನನ್ನು ಕೂರಿಸಿಕೊಂಡು ಬಂದವನಿಗೆ, ತುಟ್ಟಿಯದು ಹಾಕಿದರೆ ತಲೆಗೆ ಏನೂ ಆಗುವುದಿಲ್ಲ ಎನ್ನುತ್ತಿದ್ದೆ.

ಬೆಲ್ಲದ ಬಾಗೇವಾಡಿಯ ನೇಮಣ್ಣನಿಗೆ ಹೇಳಿದ್ದೂ ಇದನ್ನೇ. ನೇಮಣ್ಣ ದೊಡ್ಡ ಒಕ್ಕಲಿನ ಮನುಷ್ಯ, ಎರಡು ಟ್ರ್ಯಾಕ್ಟರ್ ಇಟ್ಟುಕೊಂಡು ಕಬ್ಬು ಬೆಳೆಯುವ ಜೈನರ ಮನೆತನ. ಮಗ ಸಮ್ಮೇದನಿಗೆ ಬುಲೆಟ್ ಕೊಡಿಸಿದ ದಿನವೇ ಅವನನ್ನು ಕರೆದುಕೊಂಡು ಬಂದು, ಅಂಗಡಿಯಲ್ಲಿ ಎಲ್ಲಕ್ಕಿಂತ ತುಟ್ಟಿ ಯಾವುದೋ ಅದನ್ನು ಕೊಡು ಎಂದಿದ್ದ. ಕೊಟ್ಟೆ. ಎರಡು ತಿಂಗಳಿಗೆ, ಹೋದ ವರ್ಷದ ಜನವರಿಯಲ್ಲಿ, ಹುಕ್ಕೇರಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಸಮ್ಮೇದ ಹೋಗಿ ಹೊಡೆದ. ಗಾಡಿ ಚಪ್ಪಟೆಯಾಯಿತು. ಹುಡುಗನ ಮೈಮೇಲೆ ತರಚುಗಾಯ ಬಿಟ್ಟರೆ ಏನಿಲ್ಲ. ದವಾಖಾನೆಯಲ್ಲಿ ತಲೆಯ ಫೋಟೋ ತೆಗೆದು ನೋಡಿ, ರಕ್ತ ಇಳಿದಿಲ್ಲ, ಮನೆಗೆ ಕರೆದೊಯ್ಯಿರಿ ಎಂದರು.

ವಾರ ಕಳೆದ ಮೇಲೆ ನೇಮಣ್ಣ ಆ ಹೆಲ್ಮೆಟ್ಟನ್ನು ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಬಲಗಡೆ ಅಂಗೈ ಅಗಲ ಬಣ್ಣ ಕಿತ್ತುಹೋಗಿತ್ತು. ಮಗನ ಜೀವ ಉಳಿಸಿದ್ದು, ದಸರೆಯ ಖಂಡೇಪೂಜೆಯಲ್ಲಿ ಟ್ರ್ಯಾಕ್ಟರು, ಕೊಡಲಿ, ಕುಡುಗೋಲಿನ ಜೊತೆ ಇದನ್ನೂ ಇಟ್ಟು ಪೂಜಿಸಬೇಕೆಂದು ಹೆಂಡತಿ ಸುಂದರಾಬಾಯಿ ಹರಕೆ ಹೊತ್ತಿದ್ದಾಳೆ, ಹೊಸದರಂತೆ ಮಾಡಿಕೊಡು ಎಂದ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದೆಂದು ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ. ನನಗೆ ಗೊತ್ತಿತ್ತು. ಆದರೆ ಪೂಜೆಯ ವಸ್ತು, ಗಾಜಿನ ಕಪಾಟಿನಲ್ಲಿ ಕೂರುತ್ತದೆ, ಯಾರ ತಲೆ ಏರುತ್ತದೆ ಎಂದುಕೊಂಡೆ. ಕಾರಿಗೆ ಬಣ್ಣ ಹೊಡೆಯುವವನ ಕಡೆ ಕೊಟ್ಟು ಥಳಥಳ ಮಾಡಿಸಿದೆ.

ಅಷ್ಟೇ ಮಾಡಿದ್ದರೆ ಆಗುತ್ತಿತ್ತು. ಒಳಗೇನಾದರೂ ಆಗಿದೆಯೋ ಎಂದು ನೇಮಣ್ಣ ಕೇಳಿದಾಗ, ಅಂಗಡಿಯಲ್ಲಿ ನಾಲ್ಕು ಗಿರಾಕಿಗಳು ನಿಂತಿದ್ದರು. ನಾನು ದನಿ ಎತ್ತರಿಸಿ, ಬರೀ ಮೇಲಿನ ಬಣ್ಣ ಹೋಗಿದೆ, ಒಳಗೆ ಏನೂ ಮುಟ್ಟಿಲ್ಲ, ತಲೆಗಂತೂ ಮುಟ್ಟುವ ಮಾತೇ ಇಲ್ಲ ಎಂದೆ. ಹೆಲ್ಮೆಟ್ಟಿನ ಫೋಟೋ ತೆಗೆದು ಗೋಡೆಗೆ ಹಾಕಿಕೊಂಡೆ. ಆ ತಿಂಗಳು ಅದೇ ಕಂಪನಿಯವು ಹನ್ನೊಂದು ಹೋದವು.

ಈ ಸಲದ ದಸರೆಗೆ ಇನ್ನೂ ಹತ್ತು ದಿನ ಇರುವಾಗ ನೇಮಣ್ಣನ ಮಗಳು ತ್ರಿಶಲಾ ಅಂಗಡಿಗೆ ಬಂದಳು. ಮೂಡಲಗಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಎರಡು ಬಸ್ಸು ಬದಲಿಸಿ ಸಾಕಾಗಿ ಸ್ಕೂಟರ್ ಕೊಂಡಿದ್ದಳು. ಕೈಯಲ್ಲಿ ಅದೇ ಹೆಲ್ಮೆಟ್ ಇತ್ತು, ಅದರ ಹಣೆಯ ಮೇಲೆ ಹೋದ ವರ್ಷದ ಪೂಜೆಯ ಕುಂಕುಮ ಒಣಗಿ ಹಾಗೆಯೇ ಇತ್ತು. ಮುಂದಿನ ಗ್ಲಾಸು ಮಸುಕಾಗಿದೆ, ಬದಲಿಸಿಕೊಡಿ, ಇನ್ನು ಮೇಲೆ ನಾನೇ ಹಾಕಿಕೊಳ್ಳುತ್ತೇನೆ ಎಂದಳು. ಅಣ್ಣನನ್ನು ಉಳಿಸಿದ್ದು ತಂಗಿಯನ್ನೂ ಉಳಿಸುತ್ತದೆ ಎಂದು ಅವ್ವ ಕಪಾಟಿನಿಂದ ತೆಗೆದುಕೊಟ್ಟಳಂತೆ.

ಹೆಲ್ಮೆಟ್ಟನ್ನು ಅವಳ ಕೈಯಿಂದ ಇಸಿದುಕೊಂಡೆ. ಒಳಗಿನ ಬಟ್ಟೆಯ ಮೆತ್ತೆ ಕಿತ್ತು, ಕೆಳಗಿನ ಥರ್ಮಾಕೋಲನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಎಡಗಡೆ ದಪ್ಪಗೆ, ಸಮನಾಗಿತ್ತು. ಬಲಗಡೆ ಬಂದಾಗ ಬೆರಳು ಒಂದು ತಗ್ಗಿನೊಳಗೆ ಇಳಿಯಿತು. ಇದು ಸತ್ತ ಹೆಲ್ಮೆಟ್ಟು, ಇನ್ನೊಂದು ಪೆಟ್ಟನ್ನು ತಡೆಯುವ ಶಕ್ತಿ ಇದಕ್ಕಿಲ್ಲ ಎಂದು ಅವಳಿಗೆ ಹೇಳಿ, ಹನ್ನೆರಡು ನೂರರ ಒಂದನ್ನು ಅವಳ ತಲೆಗೆ ಕೂರಿಸಿ ಪಟ್ಟಿ ಬಿಗಿದೆ. ತಲೆ ಅಲ್ಲಾಡಿಸಿ ನೋಡಿ, ಇದೇ ಸರಿಯಾಗಿ ಕೂರುತ್ತದೆ ಎಂದಳು. ಸಮ್ಮೇದ ಹೇಗಿದ್ದಾನೆಂದು ಕೇಳಿದಾಗ ಮಾತ್ರ ಅವಳ ಮುಖ ಇಳಿಯಿತು.

"ನೆಟ್ಟಗಿಲ್ರಿ ಕಾಕಾ. ಅವತ್ತಿನಿಂದ ತಲಿ ನೋಯ್ತೈತಿ ಅಂತಾನ. ಬೆಳಕ ಆಗಂಗಿಲ್ಲ, ಸಪ್ಪಳ ಆಗಂಗಿಲ್ಲ. ಹೇಳಿದ್ದ ಮರೀತಾನ. ಅಪ್ಪಾ ನಂಬಂಗಿಲ್ಲ."

ನಂಬದೆ ಇರಲು ಕಾರಣ ಕಪಾಟಿನಲ್ಲೇ ಕೂತಿತ್ತು. ಸಮ್ಮೇದ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿದಾಗಲೆಲ್ಲ ನೇಮಣ್ಣ ಆ ಹೆಲ್ಮೆಟ್ಟನ್ನು ತೋರಿಸಿ, ಒಳಗೆ ಏನೂ ಮುಟ್ಟಿಲ್ಲವೆಂದು ಹೆಲ್ಮೆಟ್ ಅಂಗಡಿಯ ಮಲಿಕಸಾಬನೇ ಹೇಳಿದ್ದಾನೆ, ನಿನ್ನ ತಲೆಗೆ ಏನಾಗಿದೆ ಎಂದು ಕೇಳುತ್ತಾನಂತೆ. ಹೋದ ಹಂಗಾಮಿನಲ್ಲಿ ಸಮ್ಮೇದ ಟ್ರ್ಯಾಕ್ಟರ್ ಏರಲಿಲ್ಲ. ಊರವರ ಮುಂದೆ ಅವನಿಗೆ ಮೈಗಳ್ಳನೆಂಬ ಹೆಸರು ಬಂತು, ಆ ಹೆಸರು ಕೊಟ್ಟವನು ಅಪ್ಪನೇ. ಈ ಸಲ ದಸರೆ ಮುಗಿದ ಮರುದಿನದಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೊಡೆಯಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಅನ್ನವಿಲ್ಲ ಎಂದು ನೇಮಣ್ಣ ಹೇಳಿಬಿಟ್ಟಿದ್ದಾನೆ. ಸಮ್ಮೇದ ಹೂಂ ಅಂದಿದ್ದಾನೆ. ಬಿಸಿಲಿಗೆ ಕಣ್ಣು ಬಿಡಲಾಗದವನು ಆ ಭಾರ ಎಳೆದುಕೊಂಡು ರಸ್ತೆಗೆ ಇಳಿಯುತ್ತಾನೆ.

ಅಷ್ಟು ಹೇಳಿ, ಹಳೆಯ ಹೆಲ್ಮೆಟ್ಟನ್ನು ನನ್ನ ಬಳಿಯೇ ಬಿಟ್ಟು ತ್ರಿಶಲಾ ಹೋದಳು. ನಾನು ಗೋಡೆಯ ಮೇಲಿನ ಫೋಟೋ ತೆಗೆದು ಗಲ್ಲಾಪೆಟ್ಟಿಗೆಯ ಕೆಳಗೆ ಹಾಕಿ ಕೂತೆ. ಅಂದು ಮೂವರು ಬಂದು ತುಟ್ಟಿಯದೋ ಸೋವಿಯದೋ ಎಂದು ಕೇಳಿದರು. ಮೂವರಿಗೂ ನಾಳೆ ಬನ್ನಿ ಎಂದೆ.

ಮನೆಯಲ್ಲಿ ರಶೀದಾಬಿ, ನನ್ನ ಹೆಂಡತಿ, ಸುಮ್ಮನಿರಲು ಹೇಳಿದಳು. ಹುಡುಗಿಗೆ ಬೇರೆಯದು ಕೊಟ್ಟಾಯಿತು, ಉಳಿದದ್ದು ಅವರ ಮನೆಯ ಮಾತು, ಹೋಗಿ ಹೇಳಿದರೆ ಅಂಗಡಿಯ ಹೆಸರು ಕೆಡುತ್ತದೆ ಎಂದಳು. ಅವಳು ಹೇಳಿದ್ದು ತಪ್ಪೇನಲ್ಲ. ಅರವತ್ತಕ್ಕೆ ಬಂದ ಮೇಲೆ ಮನುಷ್ಯನಿಗೆ ಇರುವುದು ಬೆನ್ನುನೋವು ಮತ್ತು ಹೆಸರು, ಎರಡೇ. ಆದರೂ ಎರಡು ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಹೆಲ್ಮೆಟ್ಟನ್ನು ಚೀಲಕ್ಕೆ ಹಾಕಿ, ಜೊತೆಗೆ ಕಬ್ಬಿಣ ಕೊಯ್ಯುವ ಗರಗಸ ಇಟ್ಟುಕೊಂಡು, ಘಟಪ್ರಭೆ ದಾಟಿ ಬಾಗೇವಾಡಿಗೆ ಹೋದೆ. ಹೋಗುವ ದಾರಿಯುದ್ದಕ್ಕೂ ತಿರುಗಿ ಹೋಗೋಣವೇ ಎನ್ನಿಸುತ್ತಿತ್ತು.

ನೇಮಣ್ಣ ಪಡಸಾಲೆಯಲ್ಲಿ ಕೂತಿದ್ದ. ಅಂಗಳದಲ್ಲಿ ಅವನ ಆಳು ಅಲ್ಲಪ್ಪ ಟ್ರ್ಯಾಕ್ಟರಿಗೆ ಗ್ರೀಸ್ ಹಚ್ಚುತ್ತಿದ್ದ. ಚಹಾ ಬಂತು, ಮಳೆಯ ಮಾತಾಯಿತು, ಕಬ್ಬಿನ ದರದ ಮಾತಾಯಿತು. ನಾನು ಹೆಲ್ಮೆಟ್ ಹೊರಗೆ ತೆಗೆದು, ಇದರ ಒಳಗೆ ಪೆಟ್ಟಾಗಿದೆ, ಸಮ್ಮೇದನ ತಲೆಗೂ ಪೆಟ್ಟಾಗಿರಬೇಕು, ಬೆಳಗಾವಿಗೆ ಕರೆದುಕೊಂಡು ಹೋಗಿ ನರದ ಡಾಕ್ಟರಿಗೆ ತೋರಿಸಿರಿ ಎಂದೆ.

ನೇಮಣ್ಣ ನಕ್ಕ. "ಮಲಿಕಸಾಬ, ಹೊಸಾದ ಮಾರಾಕ ಬಂದೀಯೇನಪಾ?"

ಆ ಮಾತಿಗೆ ನಾನು ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. ಹತ್ತೊಂಬತ್ತು ವರ್ಷ ಬಾಯಿಗೆ ಬಂದದ್ದು ಹೇಳಿ ಮಾರಿದವನನ್ನು ಒಂದು ದಿನ ಸತ್ಯ ಹೇಳಿದ ಕೂಡಲೇ ಯಾರಾದರೂ ಯಾಕೆ ನಂಬಬೇಕು? ಮಗನೇ ನಿನಗೆ ಹೇಳಿಕೊಟ್ಟು ಕರೆಸಿದ್ದಾನೆ ಎಂದೂ ನೇಮಣ್ಣ ಅಂದ. ಅಂದು ಏನೂ ಮುಟ್ಟಿಲ್ಲ ಅಂದವನು ನೀನೇ, ಇಂದು ಮುಟ್ಟಿದೆ ಅನ್ನುವವನೂ ನೀನೇ, ಎರಡರಲ್ಲಿ ಖರೆ ಯಾವುದು ಎಂದು ಕೇಳಿದ.

"ಅವತ್ತ ಸುಳ್ಳ ಹೇಳಿದೆನ್ರಿ, ನೇಮಣ್ಣಾರ. ಒಳಗ ನಾ ನೋಡಿದ್ದ ಇಲ್ಲ. ನಾಕ ಮಂದಿ ಗಿರಾಕಿ ನಿಂತಿದ್ರು, ಅವ್ರಿಗೆ ಕೇಳಲಿ ಅಂತ ಅಂದೆ."

ಹೇಳಿದ ಮೇಲೆ ನನಗೆ ನಾಚಿಕೆಯಾಯಿತು, ಜೊತೆಗೆ ಒಂದು ನಮೂನೆಯ ಆಯಾಸ. ಇದನ್ನು ಕೊಯ್ದು ತೋರಿಸುತ್ತೇನೆ, ನೀವೇ ನೋಡಿ ಎಂದು ಗರಗಸ ತೆಗೆದೆ. ನೇಮಣ್ಣನ ಮುಖ ಕೆಂಪಾಯಿತು. ಪೂಜೆಗೆ ಇಟ್ಟ ವಸ್ತು, ಮಗನ ಜೀವ ಕಾಯ್ದದ್ದು, ಖಂಡೇಪೂಜೆ ಬಾಗಿಲಿಗೆ ಬಂದಿರುವಾಗ ಅದಕ್ಕೆ ಗರಗಸ ಹಾಕುವುದೇ? ಎದ್ದು ನಿಂತು, ಚೀಲ ತೊಗೊಂಡು ಹೋಗು ಎಂದ.

ಅಡುಗೆಮನೆಯ ಬಾಗಿಲಲ್ಲಿ ಸುಂದರಾಬಾಯಿ ಯಾವಾಗಿನಿಂದ ನಿಂತಿದ್ದಳೋ ಗೊತ್ತಿಲ್ಲ. ಹೊರಗೆ ಬಂದು ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡಳು. ಒಯ್ದು ಕಪಾಟಿನಲ್ಲಿ ಇಡುತ್ತಾಳೆ ಎಂದುಕೊಂಡೆ. ಅವಳು ಸೀರೆಯ ಸೆರಗಿನಿಂದ ಅದರ ಹಣೆಯ ಕುಂಕುಮ ಒರೆಸಿದಳು. ಒಣಗಿದ್ದು ಬೇಗ ಹೋಗಲಿಲ್ಲ, ಉಗುಳು ಹಚ್ಚಿ ತಿಕ್ಕಿ ಒರೆಸಿದಳು. ಆಮೇಲೆ ನನ್ನ ಮುಂದೆ ಇಟ್ಟು, "ಕೊಯ್ರಿ" ಎಂದಳು.

ನೇಮಣ್ಣ ಮತ್ತೆ ಕೂತ. ನಾನು ಕಾಲ ನಡುವೆ ಹಿಡಿದು ಕೊಯ್ಯತೊಡಗಿದೆ. ತುಟ್ಟಿ ಹೆಲ್ಮೆಟ್ಟು, ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕರ್ರಕರ್ರ ಸಪ್ಪಳ ಮನೆಯೆಲ್ಲ ತುಂಬಿತು. ಮೂರು ಸಲ ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಕೊನೆಗೆ ಎರಡು ಹೋಳಾಯಿತು.

ಎಡಗಡೆಯ ಥರ್ಮಾಕೋಲು ಹೆಬ್ಬೆರಳಿನಷ್ಟು ದಪ್ಪವಿತ್ತು. ಬಲಗಡೆ, ಕಿವಿಯ ಮೇಲಿನ ಜಾಗದಲ್ಲಿ, ಕಡಕ್ ರೊಟ್ಟಿಯಷ್ಟು ತೆಳ್ಳಗೆ ಅಪ್ಪಚ್ಚಿಯಾಗಿ, ನಡುವೆ ಬಿರುಕು ಬಿಟ್ಟಿತ್ತು. ಅದರ ಮೇಲೆ ನಾನು ಹೊಡೆಸಿದ ಬಣ್ಣ ಥಳಥಳ ಹೊಳೆಯುತ್ತಿತ್ತು. ನೇಮಣ್ಣ ಬಗ್ಗಿ ಎರಡೂ ಹೋಳು ಎತ್ತಿಕೊಂಡ. ಒಂದನ್ನು ಒತ್ತಿ ನೋಡಿದ, ಇನ್ನೊಂದನ್ನು ಒತ್ತಿ ನೋಡಿದ. ತಗ್ಗಿನೊಳಗೆ ಮುಷ್ಟಿ ಇಟ್ಟ. ಮುಷ್ಟಿ ಅಲ್ಲಿ ಕೂತಿತು.

"ಇಷ್ಟ ಪೆಟ್ಟ ಬಿದ್ದಿತ್ತಾ?" ಎಂದ.

"ಇದು ತಡದದ್ದ ಇಷ್ಟ್ರಿ. ಉಳದದ್ದು ತಲೀಗೆ ಹೋಗೇತಿ."

ಸುಂದರಾಬಾಯಿ ಅಲ್ಲಿಯೇ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿ ಹಿಡಿದು ಅಳತೊಡಗಿದಳು. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಸಮ್ಮೇದ ಬಂದ. ನಾನು ನೋಡಿದ್ದ ಹುಡುಗ ಇವನಲ್ಲ ಎನ್ನುವಷ್ಟು ಸೊರಗಿದ್ದ. ಪಡಸಾಲೆಯ ಬೆಳಕಿಗೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದುಕೊಂಡು ನಿಂತ. ನೆಲದ ಮೇಲಿನ ಹೋಳುಗಳನ್ನು ಅವನು ನೋಡಲೇ ಇಲ್ಲ, ಅಪ್ಪನ ಕಡೆಗೂ ನೋಡಲಿಲ್ಲ.

"ಸಪ್ಪಳ ಮುಗೀತೇನ್ರಿ ಕಾಕಾ? ಇನ್ನ ನಾ ಮಲಗಲಿ?" ಎಂದು ನನ್ನನ್ನು ಕೇಳಿದ.

ಆಗಲೇ ಅಂಗಳದಲ್ಲಿ ಅಲ್ಲಪ್ಪ ಗ್ರೀಸ್ ಹಚ್ಚುವುದು ಮುಗಿಸಿ ಟ್ರ್ಯಾಕ್ಟರ್ ಚಾಲೂ ಮಾಡಿದ. ಸಮ್ಮೇದ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಆತುಕೊಂಡ. ನೇಮಣ್ಣ ಹೋಳುಗಳನ್ನು ಕೈಬಿಟ್ಟು, ಧೋತರದ ಚುಂಗು ಹಿಡಿದುಕೊಂಡು, ಬರಿಗಾಲಲ್ಲಿ ಅಂಗಳಕ್ಕೆ ಓಡಿದ. ಆ ವಯಸ್ಸಿನ, ಆ ಗತ್ತಿನ ಮನುಷ್ಯ ಓಡುವುದನ್ನು ನಾನು ಎಂದೂ ನೋಡಿರಲಿಲ್ಲ. ಬಂದ್ ಮಾಡು ಎಂದು ಕೂಗಲಿಲ್ಲ, ಅಲ್ಲಪ್ಪನ ಬಳಿಗೆ ಹೋಗಿ ತಾನೇ ಕೈ ಹಾಕಿ ಎಂಜಿನ್ ನಿಲ್ಲಿಸಿದ.

ತಿರುಗಿ ಬಂದಾಗ ಏದುಸಿರು ಬಿಡುತ್ತಿದ್ದ. ಮಗನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಮಲಗಿಸಿದ, ಕಿಟಕಿ ಮುಚ್ಚಿದ, ಬಾಗಿಲನ್ನು ಸಪ್ಪಳವಾಗದಂತೆ ಎಳೆದು, ಹೊಸ್ತಿಲ ಹೊರಗೆ ಕೂತುಬಿಟ್ಟ. ಆಮೇಲೆ ಅವನು ಒಳಗೆ ಕೇಳಿಸದಂತೆ ದನಿ ತಗ್ಗಿಸಿ ಹೇಳಿದ.

"ಊರ ಮಂದಿ ಮುಂದ ಅವಗ ಮೈಗಳ್ಳ ಅಂದೆನೋ, ಮಲಿಕಸಾಬ. ಇಪ್ಪತ್ತ ತಿಂಗಳ ಅಂದೆ."

"ನನ್ನ ಮಾತ ನಂಬಿ ಅಂದೀರಿ," ಎಂದೆ.