ಅಪ್ಪಣೆ ಬಿದ್ದುಹೋದ ಕಡತ

“ಆ ಅಮ್ಮ ಇವತ್ತು ಯಾಕೆ ಓದ್ತಿಲ್ಲ?”

ಕಣ್ಣಾಸ್ಪತ್ರೆಯ ವಾರ್ಡಿನಲ್ಲಿ ಲಾರಿ ಡ್ರೈವರ್ ತಾತ ಕೇಳಿದ್ದು ಯಾರನ್ನೂ ಅಲ್ಲ. ಎರಡೂ ಕಣ್ಣಿಗೆ ಪಟ್ಟಿ. ಎದುರಿಗೆ ಯಾರಿದ್ದಾರೋ ಇಲ್ಲವೋ ಅವನಿಗೇನು ಗೊತ್ತು? ಆದರೆ ಪಕ್ಕದ ಧ್ವನಿಕೋಣೆಯಿಂದ ವಾರ್ಡಿಗೆ ಓದು ಕೇಳಿಸುತ್ತಿದ್ದ, ಎಲ್ಲರೂ ‘ರೇಡಿಯೋ ಅಕ್ಕ’ ಎನ್ನುತ್ತಿದ್ದವಳ ಎದೆಗೆ ಆ ಮಾತು ನಾಟಿತು. ‘ಆ ಅಮ್ಮ’ ಅವಳ ಅತ್ತೆ. ತೀರಿಕೊಂಡು ವರ್ಷವಾಗಿತ್ತು. ಆಕೆ ಓದಿ ರೆಕಾರ್ಡ್ ಮಾಡಿಟ್ಟುಹೋದ ಕಾವ್ಯವೇ ದಿನಾ ಬೆಳಿಗ್ಗೆ ಕಣ್ಣು ಕಟ್ಟಿಸಿಕೊಂಡವರಿಗೆ ಕೇಳುತ್ತಿದ್ದುದು. ಅಂದಂದಿನ ಭಾಗ ಹುಡುಕಿ ಸ್ಪೀಕರಿಗೆ ಕಳಿಸಲು ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಫೈಲು, ಇತ್ತು. ಹಳೆಯ ಕಂಪ್ಯೂಟರ್ ಕೈಕೊಟ್ಟಿತೆಂದು ನಿನ್ನೆ ಎಲ್ಲವನ್ನೂ ಹೊಸದಕ್ಕೆ ತಂದಿದ್ದಳು. ಇವತ್ತು ಅದರದ್ದು ಒಂದೇ ಮಾತು: ಪರ್ಮಿಶನ್ ಡಿನೈಡ್, ಅಪ್ಪಣೆಯಿಲ್ಲ.

ಸ್ಕ್ರಿಪ್ಟ್ ಬರೆದುಕೊಟ್ಟ ಅಣ್ಣನಿಗೆ ಫೋನ್ ಹಚ್ಚಿದಳು.

“ಮೇಲಿಂದ ಕೆಳಗೆ ಓದ್ದೆ ಅಣ್ಣ, ಒಂದಕ್ಷರ ಹೋಗಿಲ್ಲ. ಆದ್ರೂ ಮುನಿಸ್ಕೊಂಡ ಎಮ್ಮೆ ಹಂಗೆ ಮಲಗಿದೆ.”

“ಹೇಗೆ ತಂದೆ ಅದನ್ನ?”

“ಪೆನ್‌ಡ್ರೈವಲ್ಲಿ.”

“ಅಲ್ಲೇ ಬಿದ್ದುಹೋಯ್ತು ನೋಡು. ಅದು ಮಾತು ಹೊತ್ಕೊಂಡು ಬರುತ್ತೆ, ಅಪ್ಪಣೆ ಹೊತ್ಕೊಂಡು ಬರಲ್ಲ. ls -l ಅಂತ ಹೊಡಿ, ಯಾರಿಗೆ ಏನು ಅಪ್ಪಣೆ ಅಂತ ತೋರಿಸುತ್ತೆ. ಸಾಲಿನ ಶುರುವಲ್ಲಿ ಏನಿದೆ?”

“ಒಂದು ಗೆರೆ, ಆಮೇಲೆ rw-, r--, r--. ಏನಣ್ಣ, ಬೀಜಾಕ್ಷರ ಇದ್ದಂಗಿದೆ!”

“ಮೊದಲ ಗೆರೆ ಬಿಡು, ಇದು ಫೈಲು ಅಂತ ಅಷ್ಟೆ. ಆಮೇಲಿನ ಮೂರು ಯಜಮಾನಿಗೆ, ಅಂದ್ರೆ ನಿನಗೆ. ನಡುವಿನದು ನಿನ್ನ ಗುಂಪಿಗೆ, ಕೊನೇದು ಮಿಕ್ಕವರಿಗೆ. r ಇದ್ರೆ ಓದಬಹುದು, w ಇದ್ರೆ ತಿದ್ದಬಹುದು. ನಡೆಸೋಕೆ x ಬೇಕು. ಅದು ಅಲ್ಲಿ ಯಾರಿಗೂ ಇಲ್ಲ.”

“ಯಜಮಾನಿಗೂ ಇಲ್ವಾ?”

“ಹೆಸರಿಗೆ ಯಜಮಾನಿ! ನೀನೇ ಕೊಟ್ಕೋ. chmod u+x, ಮುಂದೆ ಫೈಲಿನ ಹೆಸರು.”

ಹೊಡೆದಳು. ಯಂತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮತ್ತೆ ನೋಡಿದರೆ rw ಆದಮೇಲೆ ಗೆರೆಯಿದ್ದ ಜಾಗದಲ್ಲಿ ಪುಟ್ಟದೊಂದು x ಬಂದು ಕೂತಿತ್ತು. ಫೈಲಿನೊಳಗೆ ಇಣುಕಿದಳು, ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಹೆಸರಿಗೆ ಮೊದಲು ./ ಸೇರಿಸಿ, ‘ನಡೆ’ ಎನ್ನುವಂತೆ, ಒತ್ತಿದಳು.

ಗೋಡೆಯಾಚೆ ಅತ್ತೆಯ ದನಿ ಎದ್ದಿತು.

ಸ್ಕ್ರಿಪ್ಟಿನ ಅದೇ ಸಾಲುಗಳು, ಈಗಷ್ಟೇ ಬರೀ ಬರಹವಾಗಿ ಬಿದ್ದಿದ್ದವು. ‘ನಡೆ’ ಅಂದದ್ದೇ ತಡ, ಎದ್ದು ಹೋಗಿ ಇಲ್ಲದವರನ್ನು ಕರೆತಂದಿದ್ದವು. ರೇಡಿಯೋ ಅಕ್ಕ ತನಗರಿವಿಲ್ಲದೆಯೇ ಕೈ ಜೋಡಿಸಿದಳು. ವಾರ್ಡಿನಲ್ಲಿ ಕೆಮ್ಮು ನಿಂತಿತ್ತು. “ಬಂದ್ಲಪ್ಪಾ ತಾಯಿ,” ಎಂದ ತಾತ.

ಅಷ್ಟರಲ್ಲಿ ಆಸ್ಪತ್ರೆಯ ಮ್ಯಾನೇಜರಾದ ಮೈದುನ ಬಾಗಿಲಲ್ಲಿ ತಲೆ ತೂರಿಸಿದ. ಹಳೆಯ ಯಂತ್ರದಲ್ಲಿ ಎಲ್ಲರಿಗೂ ಎಲ್ಲವೂ ತೆರೆದಿತ್ತು. ಕನ್ನಡಕದಂಗಡಿಯ ಜಾಹೀರಾತು ಸೇರಿಸಲು ಹೋಗಿ ಇವನು ಒಂದಿಡೀ ಸಂಧಿಯ ಮೇಲೆಯೇ ಅದನ್ನು ಸೇವ್ ಮಾಡಿ ಅಳಿಸಿಹಾಕಿದ್ದ. ಆ ಸಂಧಿ ಹೋದದ್ದು ಹೋಯಿತು. ಮತ್ತೆ ಓದಿಸಲು ಓದುವವರೇ ಇರಲಿಲ್ಲ.

“ಅತ್ತಿಗೆ, ಇಡೀ ಫೋಲ್ಡರಿಗೆ 777 ಹಾಕ್ಬಿಡಿ. ಎಲ್ಲರಿಗೂ ಎಲ್ಲಾ ಅಪ್ಪಣೆ, ರಗಳೆನೇ ಇಲ್ಲ. ಜಾಹೀರಾತು ನಾನೇ ನನ್ನ ಕುರ್ಚಿಯಿಂದ ಹಾಕ್ಕೋತೀನಿ.”

“ಕೇಳೋಕೆ ನಿಮಗೆ ಅಪ್ಪಣೆ ಇದೆ.”

“ತಿದ್ದೋಕೆ? ಹೆತ್ತಮ್ಮನ ದನಿ ಅತ್ತಿಗೆ ಅದು, ನನ್ನ ಹೆತ್ತಮ್ಮ!”

ಗೋಡೆಯಾಚೆ ಅತ್ತೆ ಪದ್ಯದ ನಡುವೆ ಉಸಿರೆಳೆದುಕೊಂಡರು. ರೇಡಿಯೋ ಅಕ್ಕ ಆ ಉಸಿರು ಮುಗಿಯುವವರೆಗೂ ಕಾದಳು.

“ಕೊಡಲ್ಲ,” ಎಂದಳು.